ಗಣಕಯಂತ್ರದ ಎಚ್ಚರಿಕೆ ಸೂಚನೆಗಳು: ಅಡಗಿಸುವುದಲ್ಲ, ಹದಗೊಳಿಸುವುದು

ಗಣಕಯಂತ್ರವು ಇಂದು ಬ್ಯಾಂಕು, ರೈಲ್ವೆ ಅಥವಾ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾದ ಸಾಧನವಾಗಿ ಉಳಿದಿಲ್ಲ. ಥಾಣೆಯ ವಾಗ್ಳೆ ಎಸ್ಟೇಟಿನ ಸಣ್ಣ ಕೈಗಾರಿಕಾ ಘಟಕ, ಡೊಂಬಿವಲಿಯ ಸಹಕಾರಿ ಗೃಹನಿರ್ಮಾಣ ಸಂಘದ ಕಚೇರಿ, ಕಲ್ಯಾಣದ ಸಗಟು ವ್ಯಾಪಾರದ ಅಂಗಡಿ, ನವಿಮುಂಬಯಿಯ ವಾಶಿ ಮಾರುಕಟ್ಟೆಯ ಮಳಿಗೆ ಮುಂತಾದ ಎಲ್ಲ ಕಡೆಗಳಲ್ಲಿಯೂ ಲೆಕ್ಕಪತ್ರ, ತೆರಿಗೆ ವಿವರಣೆ, ಪತ್ರವ್ಯವಹಾರಗಳು ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ಕರ್ನಾಟಕದ ಕರಾವಳಿ ಹಾಗೂ ಉತ್ತರದ ಜಿಲ್ಲೆಗಳಿಂದ ಬಂದು ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಉಪಾಹಾರಗೃಹ ನಡೆಸುವವರು, ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು, ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವರು ಬಹುಸಂಖ್ಯೆಯಲ್ಲಿದ್ದಾರೆ. ಇವರೆಲ್ಲರಿಗೂ ಈ ಯಂತ್ರದೊಡನೆ ನಿತ್ಯದ ಒಡನಾಟವಿದೆ.

ಈ ಒಡನಾಟದಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ಕಿರಿಕಿರಿಯುಂಟು. ಕೆಲಸ ಭರದಿಂದ ಸಾಗುತ್ತಿರುವಾಗ ಪರದೆಯ ಬಲಬದಿಯ ಕೆಳಮೂಲೆಯಲ್ಲಿ ಒಂದು ಚೌಕ ಮೂಡುತ್ತದೆ. ವೈರಸ್ ನಿರೋಧಕ ತಂತ್ರಾಂಶವು ಹಳೆಯದಾಗಿದೆ, ಕೂಡಲೇ ಪರಿಷ್ಕರಿಸಿರಿ ಎಂದು ಅದು ಎಚ್ಚರಿಸುತ್ತದೆ. ಬಳಕೆದಾರರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಇದಕ್ಕೆ ಉತ್ತರ ಕೊಡುತ್ತಾರೆ. ಕೆಲವರು ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನು ಪ್ರತಿದಿನವೂ ಒತ್ತುತ್ತ ತಿಂಗಳುಗಳನ್ನು ಕಳೆಯುತ್ತಾರೆ. ಮತ್ತೆ ಕೆಲವರು ತಿಳಿದವರೊಬ್ಬರನ್ನು ಕರೆಸಿ ಸೂಚನೆಯ ಜೊತೆಗೆ ಪರಿಷ್ಕರಣೆಯನ್ನೇ ನಿಲ್ಲಿಸಿಬಿಡುತ್ತಾರೆ. ಈ ಎರಡೂ ಮಾರ್ಗಗಳು ಅಪಾಯಕಾರಿ. ಸೂಚನೆಯು ಸೂಕ್ತ ಸಮಯದಲ್ಲಿ, ಸೂಕ್ತ ಪ್ರಮಾಣದಲ್ಲಿ ಬರುವಂತೆ ಹದಗೊಳಿಸುವ ಮೂರನೆಯ ಮಾರ್ಗವೊಂದಿದೆ. ಅದನ್ನು ಸಾರ್ವಜನಿಕರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶವಾಗಿದೆ.

ನ್ಹಾವಾ ಶೇವಾ ಕಲಿಸಿದ ಪಾಠ

ಪರಿಷ್ಕರಣೆಯನ್ನು ಮುಂದೂಡುವುದರಿಂದ ಏನಾಗಬಹುದು ಎಂಬುದಕ್ಕೆ ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ನವಿಮುಂಬಯಿಗೆ ಹೊಂದಿಕೊಂಡಿರುವ ಉರಣ್ ತಾಲ್ಲೂಕಿನ ನ್ಹಾವಾ ಶೇವಾದಲ್ಲಿ 1989ರಲ್ಲಿ ಕಾರ್ಯಾರಂಭ ಮಾಡಿದ ಜವಾಹರಲಾಲ್ ನೆಹರೂ ಬಂದರು ದೇಶದ ಪ್ರಮುಖ ಕಂಟೇನರ್ ಬಂದರುಗಳಲ್ಲಿ ಒಂದು. ಇಲ್ಲಿನ ಟರ್ಮಿನಲ್‌ಗಳಲ್ಲೊಂದನ್ನು ಡೆನ್ಮಾರ್ಕಿನ ಮೇರ್ಸ್ಕ್ ಸಮೂಹಕ್ಕೆ ಸೇರಿದ ಎಪಿಎಂ ಟರ್ಮಿನಲ್ಸ್ ಸಂಸ್ಥೆಯು ನಡೆಸುತ್ತದೆ. 2017ರ ಜೂನ್ 27ರಂದು ಈ ಸಮೂಹದ ಗಣಕಯಂತ್ರಗಳು ಜಗತ್ತಿನ ಅನೇಕ ದೇಶಗಳಲ್ಲಿ ಏಕಕಾಲಕ್ಕೆ ಸ್ತಬ್ಧಗೊಂಡವು. ಪರದೆಯ ಮೇಲೆ 300 ಡಾಲರ್ ಒತ್ತೆಹಣದ ಬೇಡಿಕೆ ಮೂಡಿತು. ನ್ಹಾವಾ ಶೇವಾದ ಟರ್ಮಿನಲ್ ಕೂಡ ಇದರಿಂದ ಪಾರಾಗಲಿಲ್ಲ. ಯಾವ ಕಂಟೇನರ್ ಎಲ್ಲಿದೆ, ಯಾವ ಲಾರಿಗೆ ಯಾವುದನ್ನು ಏರಿಸಬೇಕು ಎಂಬ ಲೆಕ್ಕವೆಲ್ಲ ಗಣಕಯಂತ್ರದಲ್ಲಿಯೇ ಇದ್ದುದರಿಂದ ಕೆಲಸವನ್ನು ಕೈಯಿಂದಲೇ ನಡೆಸುವ ಪ್ರಯತ್ನ ಮಾಡಬೇಕಾಯಿತು. ಸರಕು ಸಾಗಣೆ ಅಸ್ತವ್ಯಸ್ತಗೊಂಡಿತು. ಸರಕು ಮತ್ತು ಸೇವಾ ತೆರಿಗೆಯು ಜುಲೈ 1ರಿಂದ ಜಾರಿಗೆ ಬರಲಿದ್ದ, ವ್ಯಾಪಾರಸ್ಥರಿಗೆ ಒಂದೊಂದು ದಿನವೂ ಅಮೂಲ್ಯವಾಗಿದ್ದ ವಾರವದು.

ನಾಟ್‌ಪೆಟ್ಯಾ ಎಂದು ಮುಂದೆ ಹೆಸರಾದ ಈ ಹಾವಳಿಯು ಮೊದಲು ಕಾಣಿಸಿಕೊಂಡದ್ದು ಉಕ್ರೇನಿನಲ್ಲಿ. ಅಲ್ಲಿಂದ ಹರಡಲು ಅದು ಬಳಸಿದ ದಾರಿಗಳಲ್ಲಿ ಒಂದು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿದ್ದ ಒಂದು ದೋಷ. ಗಮನಿಸಬೇಕಾದ ಅಂಶವೆಂದರೆ, ಈ ದೋಷಕ್ಕೆ ಪರಿಹಾರವಾದ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಅದೇ ದೋಷವನ್ನು ಬಳಸಿಕೊಂಡ ವಾನಾಕ್ರೈ ಎಂಬ ಇನ್ನೊಂದು ಹಾವಳಿಯು ಮೇ 12ರಂದು ಜಗತ್ತನ್ನೇ ಎಚ್ಚರಿಸಿತ್ತು. ಹೀಗೆ ಔಷಧವು ಸಿದ್ಧವಾಗಿ 105 ದಿನಗಳು ಕಳೆದಿದ್ದವು. ಅಷ್ಟರಲ್ಲಿಯೂ ಅದನ್ನು ಸೇವಿಸದೆ ಉಳಿದ ಯಂತ್ರಗಳು ಅಸಂಖ್ಯವಾಗಿದ್ದವು.

ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕಾಗುತ್ತದೆ. ನಾಟ್‌ಪೆಟ್ಯಾಕ್ಕೆ ಈ ದೋಷವೊಂದೇ ದಾರಿಯಾಗಿರಲಿಲ್ಲ. ಒಂದು ಯಂತ್ರದೊಳಗೆ ಸೇರಿದ ಮೇಲೆ ಅಲ್ಲಿರುವ ಗುಪ್ತಪದಗಳನ್ನು ಕದ್ದು, ಅದೇ ಜಾಲದಲ್ಲಿರುವ ಇತರ ಯಂತ್ರಗಳಿಗೂ ಅದು ನುಗ್ಗುತ್ತಿತ್ತು. ಆದ್ದರಿಂದ ಸಕಾಲದಲ್ಲಿ ಪರಿಷ್ಕರಿಸಿದ ಯಂತ್ರವೂ ನೆರೆಯ ಯಂತ್ರದ ನಿರ್ಲಕ್ಷ್ಯಕ್ಕೆ ಬಲಿಯಾಗುವ ಸಾಧ್ಯತೆಯಿತ್ತು. ಒತ್ತೆಹಣ ತೆತ್ತವರಿಗೂ ಕಡತಗಳು ಮರಳಿ ದೊರೆಯುವಂತಿರಲಿಲ್ಲ. ಮೇರ್ಸ್ಕ್ ಸಮೂಹವು 4,000 ಸರ್ವರ್‌ಗಳಲ್ಲಿ ಹಾಗೂ 45,000 ಗಣಕಯಂತ್ರಗಳಲ್ಲಿ ತಂತ್ರಾಂಶವನ್ನು ಹೊಸದಾಗಿ ಅಳವಡಿಸಬೇಕಾಯಿತೆಂದು ಅದರ ಅಧ್ಯಕ್ಷರು 2018ರಲ್ಲಿ ದಾವೋಸ್‌ನಲ್ಲಿ ತಿಳಿಸಿದರು. ಕಚೇರಿಯ ಹತ್ತು ಯಂತ್ರಗಳಲ್ಲಿ ಒಂಬತ್ತು ಸುಸ್ಥಿತಿಯಲ್ಲಿದ್ದರೆ ಸಾಲದು, ಹತ್ತನೆಯದೂ ಸುಸ್ಥಿತಿಯಲ್ಲಿರಬೇಕು ಎಂಬುದೇ ಇದರ ತಾತ್ಪರ್ಯ.

ಸೂಚನೆಗಳು ಏಕೆ ಬರುತ್ತವೆ?

ವೈರಸ್ ನಿರೋಧಕ ತಂತ್ರಾಂಶದ ಕಾರ್ಯವಿಧಾನವನ್ನು ರೈಲ್ವೆ ನಿಲ್ದಾಣದಲ್ಲಿ ಕಾವಲಿರುವ ಪೊಲೀಸನ ಕೆಲಸಕ್ಕೆ ಹೋಲಿಸಬಹುದು. ತಿಳಿದಿರುವ ಕಳ್ಳರ ಭಾವಚಿತ್ರಗಳ ಪಟ್ಟಿಯೊಂದು ಅವನ ಬಳಿಯಿರುತ್ತದೆ. ಬರುವವರನ್ನು ಅವನು ಆ ಪಟ್ಟಿಯೊಡನೆ ತಾಳೆನೋಡುತ್ತಾನೆ. ಪಟ್ಟಿಯಲ್ಲಿಲ್ಲದವರ ನಡವಳಿಕೆಯು ಸಂಶಯಾಸ್ಪದವಾಗಿದ್ದರೆ ಅವರನ್ನೂ ತಡೆದು ವಿಚಾರಿಸುತ್ತಾನೆ. ನಿರೋಧಕ ತಂತ್ರಾಂಶದಲ್ಲಿಯೂ ಇಂತಹ ಒಂದು ಗುರುತುಪಟ್ಟಿಯಿರುತ್ತದೆ. ಹೊಸದಾಗಿ ಹುಟ್ಟುವ ಹಾನಿಕಾರಕ ತಂತ್ರಾಂಶಗಳ ಸಂಖ್ಯೆಯು ಅಪಾರವಾಗಿರುವುದರಿಂದ ಈ ಪಟ್ಟಿಯು ಬಹುಬೇಗ ಹಳತಾಗುತ್ತದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯು ಪ್ರತಿದಿನ 4,50,000ಕ್ಕೂ ಹೆಚ್ಚು ಹೊಸ ಹಾನಿಕಾರಕ ಹಾಗೂ ಅನಪೇಕ್ಷಿತ ತಂತ್ರಾಂಶಗಳನ್ನು ದಾಖಲಿಸುವುದಾಗಿ ಹೇಳುತ್ತದೆ. ಆದುದರಿಂದಲೇ ಗುರುತುಪಟ್ಟಿಯನ್ನು ದಿನಕ್ಕೆ ಹಲವು ಬಾರಿ ಪರಿಷ್ಕರಿಸಲಾಗುತ್ತದೆ.

ಇದಕ್ಕಿಂತ ಭಿನ್ನವಾದ ಇನ್ನೊಂದು ಪರಿಷ್ಕರಣೆಯುಂಟು. ಅದು ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆಗೆ ಸಂಬಂಧಿಸಿದ್ದು. ಮೊದಲನೆಯದು ಕಾವಲುಗಾರನ ಕೈಗೆ ಹೊಸ ಪಟ್ಟಿಯನ್ನು ಕೊಡುವ ಕೆಲಸವಾದರೆ ಎರಡನೆಯದು ಮನೆಯ ಮುರಿದ ಕಿಟಕಿಯನ್ನು ದುರಸ್ತಿ ಮಾಡುವ ಕೆಲಸ. ಕಾವಲುಗಾರನಿದ್ದಾನೆಂದು ಕಿಟಕಿಯನ್ನು ತೆರೆದಿಡಲಾಗದು. ಮೈಕ್ರೋಸಾಫ್ಟ್ ಸಂಸ್ಥೆಯು ಈ ದುರಸ್ತಿಗಳನ್ನು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತದೆ. ಭಾರತದಲ್ಲಿ ಆಗ ರಾತ್ರಿಯಾಗಿರುವುದರಿಂದ ನಮ್ಮ ಕಚೇರಿಗಳಲ್ಲಿ ಅವು ಬುಧವಾರ ಅಥವಾ ಅನಂತರದ ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಪರದೆಯ ಮೇಲೆ ಮೂಡುವ ಸೂಚನೆಗಳನ್ನು ಅವುಗಳ ಮಹತ್ವಕ್ಕೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು:

1. ಅಪಾಯವು ಪತ್ತೆಯಾಗಿದೆ ಅಥವಾ ರಕ್ಷಣೆಯು ಸ್ಥಗಿತಗೊಂಡಿದೆ ಎಂಬ ಸೂಚನೆ. ಇದನ್ನು ಎಂದಿಗೂ ಅಡಗಿಸಬಾರದು.

2. ಗುರುತುಪಟ್ಟಿಯು ಹಳೆಯದಾಗಿದೆ ಅಥವಾ ಯಂತ್ರವನ್ನು ಮರಳಿ ಆರಂಭಿಸಬೇಕು ಎಂಬ ಸೂಚನೆ. ಇದರ ವೇಳೆಯನ್ನು ಬದಲಿಸಿಕೊಳ್ಳಬಹುದು, ಆದರೆ ಕೆಲಸವನ್ನು ಕೈಬಿಡಬಾರದು.

3. ತಪಾಸಣೆ ಮುಗಿದಿದೆ, ಯಾವ ಅಪಾಯವೂ ಕಂಡುಬಂದಿಲ್ಲ ಎಂಬ ಮಾಹಿತಿ. ಇದನ್ನು ನಿಲ್ಲಿಸಿದರೂ ಹಾನಿಯಿಲ್ಲ.

4. ಹೆಚ್ಚಿನ ಸೌಲಭ್ಯವನ್ನು ಕೊಳ್ಳಿರಿ ಎಂಬ ಪ್ರಚಾರ. ಇದನ್ನು ನಿಲ್ಲಿಸುವುದೇ ಲೇಸು. ಪ್ರಚಾರದ ಸೂಚನೆಗಳು ಹೆಚ್ಚಿದಷ್ಟೂ ನಿಜವಾದ ಎಚ್ಚರಿಕೆಯನ್ನು ಓದದೆ ಮುಚ್ಚುವ ಅಭ್ಯಾಸ ಬೆಳೆಯುತ್ತದೆ.

ಮೊದಲು ಕಾರಣವನ್ನು ತಿಳಿಯಿರಿ

ಒಂದೇ ಸೂಚನೆಯು ದಿನದಿನವೂ ಮರಳಿ ಬರುತ್ತಿದ್ದರೆ ಅದರ ಹಿಂದೆ ಸಕಾರಣವಾದ ಅಡಚಣೆಯಿರುತ್ತದೆ. ಅದನ್ನು ನಿವಾರಿಸಿದರೆ ಸೂಚನೆಯು ತಾನಾಗಿಯೇ ನಿಲ್ಲುತ್ತದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಮೊದಲು ಪರಿಶೀಲಿಸತಕ್ಕದ್ದು.

ದಿನಾಂಕ ಮತ್ತು ವೇಳೆ: ಮೇಜಿನ ಮೇಲಿನ ಹಳೆಯ ಗಣಕಯಂತ್ರಗಳಲ್ಲಿ ಗಡಿಯಾರವನ್ನು ನಡೆಸಲು ನಾಣ್ಯದಾಕಾರದ ಸಣ್ಣ ಬ್ಯಾಟರಿಯೊಂದಿರುತ್ತದೆ. ಅದು ಸವೆದರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ಯಂತ್ರದ ದಿನಾಂಕವು ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಆಗ ನಿರೋಧಕ ತಂತ್ರಾಂಶವು ಹೊಸ ಪಟ್ಟಿಯ ಸಾಚಾತನವನ್ನು ದೃಢಪಡಿಸಿಕೊಳ್ಳಲಾಗದೆ ಎಚ್ಚರಿಸತೊಡಗುತ್ತದೆ. ಸುರಕ್ಷಿತ ಜಾಲತಾಣಗಳೂ ತೆರೆಯಲು ನಿರಾಕರಿಸುತ್ತವೆ. ಮಳೆಗಾಲದಲ್ಲಿ ವಿದ್ಯುತ್ ಮತ್ತೆಮತ್ತೆ ಕಡಿತಗೊಳ್ಳುವ ಪ್ರದೇಶಗಳಲ್ಲಿ ಈ ದೋಷವು ಬೇಗನೆ ಬಯಲಾಗುತ್ತದೆ. ಅಲ್ಪ ಬೆಲೆಯ ಆ ಬ್ಯಾಟರಿಯನ್ನು ಬದಲಿಸಿ ದಿನಾಂಕವನ್ನು ಸರಿಪಡಿಸಿದರೆ ಸಾಕು.

ಎರಡು ನಿರೋಧಕ ತಂತ್ರಾಂಶಗಳು: ಹೆಚ್ಚು ರಕ್ಷಣೆ ದೊರೆಯುವುದೆಂಬ ಭಾವನೆಯಿಂದ ಕೆಲವರು ಎರಡು ನಿರೋಧಕ ತಂತ್ರಾಂಶಗಳನ್ನು ಒಟ್ಟಿಗೆ ಇರಿಸಿಕೊಳ್ಳುತ್ತಾರೆ. ಅವು ಒಂದನ್ನೊಂದು ಸಂಶಯಿಸಿ ಯಂತ್ರದ ವೇಗವನ್ನು ಕುಂದಿಸುತ್ತವೆ. ಒಂದನ್ನು ಮಾತ್ರ ಉಳಿಸಿಕೊಂಡು ಇನ್ನೊಂದನ್ನು ಕ್ರಮಬದ್ಧವಾಗಿ ತೆಗೆದುಹಾಕಬೇಕು.

ಅವಧಿ ಮುಗಿದ ಪರವಾನಗಿ: ಹಣ ತೆತ್ತು ಪಡೆದ ತಂತ್ರಾಂಶದ ಅವಧಿ ಮುಗಿದ ಮೇಲೆ ಅದರ ಗುರುತುಪಟ್ಟಿಯು ಪರಿಷ್ಕರಣೆಗೊಳ್ಳುವುದಿಲ್ಲ. ಅವಧಿಯನ್ನು ನವೀಕರಿಸಬೇಕು. ಅದು ಬೇಡವಾದಲ್ಲಿ ಆ ತಂತ್ರಾಂಶವನ್ನು ತೆಗೆದುಹಾಕಿ, ವಿಂಡೋಸ್‌ನೊಡನೆ ಪ್ರತ್ಯೇಕ ಶುಲ್ಕವಿಲ್ಲದೆ ಬರುವ ಡಿಫೆಂಡರ್ ಎಂಬ ನಿರೋಧಕವು ಚಾಲನೆಯಲ್ಲಿದೆಯೇ ಎಂದು ನೋಡಬೇಕು.

ಸಂಪರ್ಕ ಹಾಗೂ ಸ್ಥಳಾವಕಾಶ: ಮೊಬೈಲ್ ಫೋನಿನ ಮೂಲಕ ಅಂತರಜಾಲ ಸಂಪರ್ಕ ಪಡೆಯುವವರು ಆ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದ್ದರೆ ಪರಿಷ್ಕರಣೆಗಳು ಬಾರದೆ ಉಳಿಯಬಹುದು. ಯಂತ್ರದ ಸಂಗ್ರಹಸ್ಥಾನವು ಭರ್ತಿಯಾಗಿದ್ದರೂ ಇದೇ ತೊಂದರೆ ತಲೆದೋರುತ್ತದೆ.

ಯಂತ್ರದ ವಿರಳ ಬಳಕೆ: ವಾರಕ್ಕೊಮ್ಮೆ ಮಾತ್ರ ಗಣಕಯಂತ್ರವನ್ನು ತೆರೆಯುವ ಹಿರಿಯ ನಾಗರಿಕರ ಮನೆಗಳಲ್ಲಿ ಸೂಚನೆಗಳು ಒಮ್ಮೆಗೇ ಮುತ್ತುತ್ತವೆ. ಇದು ದೋಷವಲ್ಲ. ವಾರಕ್ಕೊಂದು ಬಾರಿ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಪರಿಷ್ಕರಣೆಗಳು ಪೂರ್ಣಗೊಂಡ ಮೇಲೆ ಕೆಲಸ ಆರಂಭಿಸುವ ಪದ್ಧತಿಯನ್ನು ರೂಢಿಸಿಕೊಳ್ಳುವುದು ಉತ್ತಮ.

ಹದಗೊಳಿಸುವ ಕ್ರಮ

ಕಾರಣಗಳನ್ನು ಪರಿಶೀಲಿಸಿದ ನಂತರ ಸೂಚನೆಗಳನ್ನು ಹದಗೊಳಿಸಬಹುದು. ವಿಂಡೋಸ್ 11 ಇರುವ ಯಂತ್ರಗಳಿಗೆ ಅನ್ವಯಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಪುಣೆಯ ಕ್ವಿಕ್ ಹೀಲ್ ಸೇರಿದಂತೆ ಬೇರೆ ಸಂಸ್ಥೆಗಳ ನಿರೋಧಕಗಳನ್ನು ಬಳಸುವವರು ಆಯಾ ತಂತ್ರಾಂಶದ ‘ಸೆಟ್ಟಿಂಗ್ಸ್’ ವಿಭಾಗದಲ್ಲಿ ಇಂತಹವೇ ಆಯ್ಕೆಗಳನ್ನು ನೋಡಬೇಕು.

ಮೊದಲನೆಯದಾಗಿ, ‘ಸ್ಟಾರ್ಟ್’ ಗುಂಡಿಯನ್ನು ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ಎಂಬುದನ್ನು ಹುಡುಕಿ ತೆರೆಯಬೇಕು. ಅದರಲ್ಲಿ ‘ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್’ ವಿಭಾಗದ ‘ಪ್ರೊಟೆಕ್ಷನ್ ಅಪ್‌ಡೇಟ್ಸ್’ ಎಂಬಲ್ಲಿ ಗುರುತುಪಟ್ಟಿಯನ್ನು ಕಡೆಯ ಬಾರಿ ಪರಿಷ್ಕರಿಸಿದ ದಿನಾಂಕ ಹಾಗೂ ವೇಳೆ ಕಾಣುತ್ತದೆ. ಅಲ್ಲಿರುವ ‘ಚೆಕ್ ಫಾರ್ ಅಪ್‌ಡೇಟ್ಸ್’ ಗುಂಡಿಯನ್ನು ಒತ್ತಿ ಪಟ್ಟಿಯನ್ನು ಅಂದಿನವರೆಗೆ ತರಬೇಕು. ಇದನ್ನು ಮಾಡದೆ ಮುಂದಿನ ಹೆಜ್ಜೆಗೆ ಹೋಗಬಾರದು.

ಎರಡನೆಯದಾಗಿ, ಇದೇ ತಂತ್ರಾಂಶದ ಕೆಳಭಾಗದಲ್ಲಿರುವ ‘ಸೆಟ್ಟಿಂಗ್ಸ್’ ತೆರೆದು ‘ಮ್ಯಾನೇಜ್ ನೋಟಿಫಿಕೇಶನ್ಸ್’ ಎಂಬಲ್ಲಿಗೆ ಹೋಗಬೇಕು. ಇತ್ತೀಚಿನ ಚಟುವಟಿಕೆ ಮತ್ತು ತಪಾಸಣೆಯ ಫಲಿತಾಂಶಗಳನ್ನು ತಿಳಿಸುವ ಸೂಚನೆಯನ್ನು ಇಲ್ಲಿ ನಿಲ್ಲಿಸಬಹುದು. ಮೇಲೆ ಹೇಳಿದ ಮೂರನೆಯ ವರ್ಗದ ಸೂಚನೆಗಳು ಇವೇ. ಆದರೆ ಕಡತ ಅಥವಾ ಚಟುವಟಿಕೆಯನ್ನು ತಡೆಹಿಡಿದಾಗ ಬರುವ ಸೂಚನೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಕ್ಷೇಮಕರ.

ಮೂರನೆಯದಾಗಿ, ಯಂತ್ರವು ತಾನಾಗಿಯೇ ಮರಳಿ ಆರಂಭಗೊಳ್ಳುವ ವೇಳೆಯನ್ನು ನಿಗದಿಪಡಿಸಬೇಕು. ‘ವಿಂಡೋಸ್ ಅಪ್‌ಡೇಟ್’ ವಿಭಾಗದ ಹೆಚ್ಚುವರಿ ಆಯ್ಕೆಗಳಲ್ಲಿ ‘ಆಕ್ಟಿವ್ ಅವರ್ಸ್’ ಎಂಬುದಿದೆ. ಇಲ್ಲಿ ಕೆಲಸದ ವೇಳೆಯನ್ನು ನಮೂದಿಸಿದರೆ ಆ ಅವಧಿಯಲ್ಲಿ ಯಂತ್ರವು ಪರಿಷ್ಕರಣೆಗೆಂದು ತಾನಾಗಿ ಮರಳಿ ಆರಂಭಗೊಳ್ಳುವುದಿಲ್ಲ. ಗರಿಷ್ಠ 18 ಗಂಟೆಗಳ ಅವಧಿಯನ್ನು ಗೊತ್ತುಪಡಿಸಲು ಅವಕಾಶವಿದೆ. ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ ಬಿಲ್ಲು ಮಾಡುವ ಉಪಾಹಾರಗೃಹವೊಂದರ ಗಲ್ಲಾಪೆಟ್ಟಿಗೆಯ ಯಂತ್ರಕ್ಕೂ ಇದು ಸಾಕಾಗುತ್ತದೆ. ಆದರೆ ಅಂತಹ ಕಡೆಗಳಲ್ಲಿ ರಾತ್ರಿ ವಿದ್ಯುತ್ತನ್ನು ಪೂರ್ಣವಾಗಿ ಕಡಿತಗೊಳಿಸಿದರೆ ಪರಿಷ್ಕರಣೆಗೆ ಅವಕಾಶವೇ ಉಳಿಯುವುದಿಲ್ಲ. ವಾರದಲ್ಲಿ ಒಂದು ರಾತ್ರಿಯಾದರೂ ಯಂತ್ರವನ್ನು ಚಾಲನೆಯಲ್ಲಿಟ್ಟು ಹೋಗಬೇಕು.

ನಾಲ್ಕನೆಯದಾಗಿ, ಸಭೆ, ಪಾಠಪ್ರವಚನ ಅಥವಾ ಪ್ರದರ್ಶನದ ವೇಳೆಯಲ್ಲಿ ಸೂಚನೆಗಳು ಕಾಣಿಸದಂತೆ ಮಾಡಲು ‘ಡು ನಾಟ್ ಡಿಸ್ಟರ್ಬ್’ ಎಂಬ ಆಯ್ಕೆಯನ್ನು ಬಳಸಬಹುದು. ಇದು ‘ಸಿಸ್ಟಮ್’ ವಿಭಾಗದ ‘ನೋಟಿಫಿಕೇಶನ್ಸ್’ ಎಂಬಲ್ಲಿದೆ. ದಿನದ ನಿಗದಿತ ಗಂಟೆಗಳಲ್ಲಿ ಇದು ತಾನಾಗಿ ಜಾರಿಗೆ ಬಂದು ತಾನಾಗಿ ಕೊನೆಗೊಳ್ಳುವಂತೆ ಏರ್ಪಡಿಸಬಹುದು. ಪರಿಷ್ಕರಣೆಯು ಹಿನ್ನೆಲೆಯಲ್ಲಿ ನಡೆಯುತ್ತಿದ್ದರೂ ಪರದೆ ಮಾತ್ರ ನಿಶ್ಶಬ್ದವಾಗಿರುವುದು ಈ ಏರ್ಪಾಡಿನ ಅನುಕೂಲ.

ತೆರಿಗೆ ವಿವರಣೆ ಸಲ್ಲಿಸುವ ಕೊನೆಯ ದಿನಗಳಲ್ಲಿ ಲೆಕ್ಕಪರಿಶೋಧಕರು ಯಂತ್ರವನ್ನು ಕ್ಷಣಕಾಲವೂ ಬಿಡಲಾರರು. ಅಂತಹ ಸಂದರ್ಭದಲ್ಲಿ ವಿಂಡೋಸ್ ಪರಿಷ್ಕರಣೆಯನ್ನು ಒಂದು ವಾರದ ಮಟ್ಟಿಗೆ ತಡೆಹಿಡಿಯುವ ಆಯ್ಕೆಯೂ ಉಂಟು. ಆದರೆ ಅದು ಮುಗಿಯುವ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿಟ್ಟು, ಆ ದಿನ ತಪ್ಪದೆ ಪರಿಷ್ಕರಿಸಬೇಕು.

ಕಚೇರಿಗಳ ವಿಶೇಷ ಹೊಣೆ

ಮನೆಯಲ್ಲಿ ಒಂದು ಯಂತ್ರವಿದ್ದರೆ ಹೊಣೆಗಾರರು ಯಾರೆಂಬುದು ಸ್ಪಷ್ಟ. ಐದಾರು ಯಂತ್ರಗಳಿರುವ ಕಚೇರಿಯಲ್ಲಿ ಎಲ್ಲರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಭಾವಿಸುವುದರಿಂದ ಯಾರೂ ನೋಡಿಕೊಳ್ಳುವುದಿಲ್ಲ. ಆದುದರಿಂದ ಪ್ರತಿ ಕಚೇರಿಯಲ್ಲಿಯೂ ಒಬ್ಬರನ್ನು ಈ ಕೆಲಸಕ್ಕೆ ಗೊತ್ತುಪಡಿಸುವುದು ಅಗತ್ಯ. ಅವರು ವಾರಕ್ಕೊಮ್ಮೆ ಪ್ರತಿ ಯಂತ್ರದ ಗುರುತುಪಟ್ಟಿಯ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ನೀರಿನ ತೊಟ್ಟಿಯನ್ನು ತೊಳೆದ ದಿನವನ್ನೂ ಲಿಫ್ಟಿನ ತಪಾಸಣೆಯ ದಿನವನ್ನೂ ಬರೆದಿಡುವ ಗೃಹನಿರ್ಮಾಣ ಸಂಘಗಳಿಗೆ ಇದು ಹೊಸ ಹೊರೆಯಾಗಲಾರದು.

ದಿನನಿತ್ಯದ ಕೆಲಸಕ್ಕೆ ಆಡಳಿತಾಧಿಕಾರವಿಲ್ಲದ ಸಾಮಾನ್ಯ ಖಾತೆಯನ್ನು ಬಳಸುವುದು ಇನ್ನೊಂದು ಮುಖ್ಯ ಕ್ರಮ. ಇದರಿಂದ ಸಿಬ್ಬಂದಿಯು ಅವಸರದಲ್ಲಿ ರಕ್ಷಣೆಯನ್ನೇ ಸ್ಥಗಿತಗೊಳಿಸುವ ಸಂಭವ ಕಡಿಮೆಯಾಗುತ್ತದೆ. ನಾಟ್‌ಪೆಟ್ಯಾದಂತಹ ಹಾವಳಿಗಳು ಕದ್ದ ಗುಪ್ತಪದದಿಂದ ಯಂತ್ರದಿಂದ ಯಂತ್ರಕ್ಕೆ ಹಬ್ಬುವ ದಾರಿಯೂ ಕಿರಿದಾಗುತ್ತದೆ.

ಹಳೆಯ ಯಂತ್ರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಂಡೋಸ್ 7ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ನೀಡುತ್ತಿದ್ದುದು 2025ರ ಅಕ್ಟೋಬರ್ 14ರಂದು ಕೊನೆಗೊಂಡವು. ವಿಂಡೋಸ್ 10 ಬಳಸುತ್ತಿರುವವರು ಸಂಸ್ಥೆಯು ಒದಗಿಸಿರುವ ವಿಸ್ತೃತ ಭದ್ರತಾ ಯೋಜನೆಗೆ ಸೇರದಿದ್ದಲ್ಲಿ ಹೊಸ ದುರಸ್ತಿಗಳು ಅವರಿಗೆ ಲಭಿಸುವುದಿಲ್ಲ. ನಿರೋಧಕದ ಗುರುತುಪಟ್ಟಿಯೊಂದು ಪರಿಷ್ಕೃತವಾಗುತ್ತಿದೆ ಎಂಬ ಕಾರಣಕ್ಕೆ ನಿಶ್ಚಿಂತರಾಗಿರುವುದು ತರವಲ್ಲ. ಕಾವಲುಗಾರನು ಎಚ್ಚರವಾಗಿದ್ದರೂ ಅಂತಹ ಮನೆಯ ಕಿಟಕಿ ಮುರಿದೇ ಇರುತ್ತದೆ.

ಸುಳ್ಳು ಎಚ್ಚರಿಕೆಗಳು

ನಿಜವಾದ ಎಚ್ಚರಿಕೆಗೆ ಕಿವಿಗೊಡಬೇಕೆಂದು ಜನರಿಗೆ ಹೇಳುವಾಗ ಸುಳ್ಳು ಎಚ್ಚರಿಕೆಗಳ ಪರಿಚಯವನ್ನೂ ಮಾಡಿಕೊಡುವುದು ಅವಶ್ಯಕ. ಭಯವನ್ನೇ ಬಂಡವಾಳವಾಗಿಸಿಕೊಂಡ ವಂಚನೆಯು ಈ ಪ್ರದೇಶಕ್ಕೆ ಅಪರಿಚಿತವಲ್ಲ. 2016ರ ಅಕ್ಟೋಬರ್‌ನಲ್ಲಿ ಥಾಣೆ ಪೊಲೀಸರು ಜಿಲ್ಲೆಯ ಮೀರಾ ರೋಡಿನಲ್ಲಿ ದೂರವಾಣಿ ಕೇಂದ್ರಗಳ ಮೇಲೆ ದಾಳಿ ನಡೆಸಿದ್ದರು. ಅಲ್ಲಿಂದ ಅಮೆರಿಕದ ನಾಗರಿಕರಿಗೆ ಕರೆಮಾಡಿ, ತಾವು ಆ ದೇಶದ ತೆರಿಗೆ ಅಧಿಕಾರಿಗಳೆಂದು ಬೆದರಿಸಿ ಹಣ ಸುಲಿಯಲಾಗುತ್ತಿತ್ತೆಂಬುದು ಆರೋಪವಾಗಿತ್ತು. ಅಲ್ಲಿ ದೂರವಾಣಿಯ ಧ್ವನಿಯು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಪರದೆಯ ಮೇಲಿನ ಸುಳ್ಳು ಸೂಚನೆ ಮಾಡುತ್ತದೆ. ‘ನಿಮ್ಮ ಯಂತ್ರದಲ್ಲಿ ಐದು ವೈರಸ್‌ಗಳಿವೆ, ನಿರೋಧಕದ ಅವಧಿ ಇಂದೇ ಮುಗಿದಿದೆ, ಈ ಸಂಖ್ಯೆಗೆ ಕರೆಮಾಡಿರಿ’ ಎಂದು ಅದು ಹೆದರಿಸುತ್ತದೆ.

ಸುಳ್ಳು ಸೂಚನೆಯನ್ನು ಗುರುತಿಸುವುದು ಕಷ್ಟವಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ನಿಜವಾದ ಎಚ್ಚರಿಕೆ ಸೂಚನೆಗಳಲ್ಲಿ ದೂರವಾಣಿ ಸಂಖ್ಯೆಯಿರುವುದಿಲ್ಲ. ಜಾಲತಾಣವನ್ನು ನೋಡುತ್ತಿರುವಾಗ ಇಡೀ ಪರದೆಯನ್ನು ಆವರಿಸಿ, ಸದ್ದು ಮಾಡುತ್ತ, ಮುಚ್ಚಲು ಬಿಡದ ಎಚ್ಚರಿಕೆಯು ಪ್ರಾಯಶಃ ಆ ಜಾಲತಾಣದ್ದೇ ಆಗಿರುತ್ತದೆ. ಅನೇಕ ವೇಳೆ, ಬಳಕೆದಾರರೇ ಹಿಂದೆಂದೋ ‘ಅಲೋ’ ಎಂಬ ಗುಂಡಿಯನ್ನೊತ್ತಿ ಆ ತಾಣಕ್ಕೆ ಸೂಚನೆ ಕಳುಹಿಸುವ ಅನುಮತಿಯನ್ನು ಕೊಟ್ಟಿರುತ್ತಾರೆ. ಕ್ರೋಮ್ ಬಳಸುವವರು ‘ಸೆಟ್ಟಿಂಗ್ಸ್’ ತೆರೆದು, ‘ಪ್ರೈವಸಿ ಆಂಡ್ ಸೆಕ್ಯುರಿಟಿ’ ವಿಭಾಗದ ‘ಸೈಟ್ ಸೆಟ್ಟಿಂಗ್ಸ್’ ಎಂಬುದರೊಳಗಿನ ‘ನೋಟಿಫಿಕೇಶನ್ಸ್’ ಪಟ್ಟಿಯಲ್ಲಿ ಅಪರಿಚಿತ ತಾಣಗಳ ಹೆಸರುಗಳನ್ನು ತೆಗೆದುಹಾಕಿದರೆ ಈ ಕಾಟ ನಿಲ್ಲುತ್ತದೆ.

ಯಾವುದೇ ಸೂಚನೆಯ ಬಗ್ಗೆ ಸಂಶಯ ಬಂದಲ್ಲಿ ಅದರ ಮೇಲೆ ಒತ್ತಬಾರದು. ಅದನ್ನು ಬದಿಗಿರಿಸಿ, ನಿರೋಧಕ ತಂತ್ರಾಂಶವನ್ನು ತಾವೇ ‘ಸ್ಟಾರ್ಟ್’ ಗುಂಡಿಯ ಮೂಲಕ ತೆರೆದು ನೋಡಬೇಕು. ಎಚ್ಚರಿಕೆಯು ನಿಜವಾಗಿದ್ದರೆ ಅದು ಅಲ್ಲಿಯೂ ಕಾಣಿಸುತ್ತದೆ. ಯಂತ್ರವನ್ನು ದೂರದಿಂದ ಸರಿಪಡಿಸುತ್ತೇವೆಂದು ಹೇಳಿ ಕರೆಮಾಡುವ ಅಪರಿಚಿತರಿಗೆ ಯಂತ್ರದ ನಿಯಂತ್ರಣವನ್ನು ಎಂದಿಗೂ ವಹಿಸಿಕೊಡಬಾರದು.

ಪರಿಷ್ಕರಣೆಯೇ ತೊಂದರೆ ತಂದರೆ?

ಪರಿಷ್ಕರಣೆಯು ಸರ್ವಥಾ ನಿರಪಾಯಕರವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ನಾಟ್‌ಪೆಟ್ಯಾ ಉಕ್ರೇನಿನಲ್ಲಿ ಪ್ರವೇಶಿಸಿದ್ದು ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಲೆಕ್ಕಪತ್ರ ತಂತ್ರಾಂಶವೊಂದರ ಪರಿಷ್ಕರಣೆಯ ಮೂಲಕವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಪೂರಿತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟುನಿಂತವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ನೀಡಬೇಕಾಯಿತು.

ಹಾಗಾದರೆ ಪರಿಷ್ಕರಿಸದಿರುವುದೇ ಮೇಲಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಕ್ರೌಡ್‌ಸ್ಟ್ರೈಕ್‌ನ ದೋಷವನ್ನು ಆ ಸಂಸ್ಥೆಯೇ ಒಂದೂವರೆ ಗಂಟೆಯೊಳಗೆ ಪತ್ತೆಹಚ್ಚಿ ಹಿಂತೆಗೆದುಕೊಂಡಿತು. ಯಂತ್ರಗಳನ್ನು ಸರಿಪಡಿಸಲು ದಿನಗಳು ಬೇಕಾದವಾದರೂ ಅವುಗಳಲ್ಲಿದ್ದ ಕಡತಗಳು ಉಳಿದುಕೊಂಡವು. ನಾಟ್‌ಪೆಟ್ಯಾಕ್ಕೆ ಸಿಲುಕಿದ ಯಂತ್ರಗಳ ಕಡತಗಳಾದರೋ ಮರಳಿ ಬರಲಿಲ್ಲ. ಇಂತಹ ದೋಷಗಳು ಅಪರೂಪ, ಹಾವಳಿಗಳು ನಿತ್ಯದ ಸಂಗತಿ. ಆದ್ದರಿಂದ ಪರಿಷ್ಕರಣೆಯನ್ನು ತಯಾರಕರ ಅಧಿಕೃತ ಮಾರ್ಗದಿಂದ ಮಾತ್ರ ಪಡೆಯಬೇಕು. ಹಲವು ಯಂತ್ರಗಳಿರುವ ಕಚೇರಿಗಳು ತಿಂಗಳ ವಿಂಡೋಸ್ ಪರಿಷ್ಕರಣೆಯನ್ನು ಮೊದಲು ಒಂದು ಯಂತ್ರಕ್ಕೆ ಅಳವಡಿಸಿ, ಒಂದೆರಡು ದಿನ ಗಮನಿಸಿ, ಉಳಿದವುಗಳಿಗೆ ಅನ್ವಯಿಸಬಹುದು. ಮುಖ್ಯ ಕಡತಗಳ ಪ್ರತಿಯೊಂದನ್ನು ಯಂತ್ರಕ್ಕೆ ಸದಾ ಜೋಡಿಸಿರದ ಬೇರೊಂದು ಸಾಧನದಲ್ಲಿ ಇರಿಸಿಕೊಳ್ಳಬೇಕು. ಇದೊಂದನ್ನು ಪಾಲಿಸಿದವರಿಗೆ ಹಾವಳಿಯಿಂದಾಗಲಿ ದೋಷದಿಂದಾಗಲಿ ಸರ್ವನಾಶದ ಭಯವಿಲ್ಲ.

ನೆರವು ಎಲ್ಲಿ ದೊರೆಯುತ್ತದೆ?

ಗಣಕಯಂತ್ರಗಳ ಭದ್ರತೆಗೆ ಸಂಬಂಧಿಸಿದ ತುರ್ತು ಸಂದರ್ಭಗಳನ್ನು ನಿರ್ವಹಿಸುವ ರಾಷ್ಟ್ರೀಯ ಸಂಸ್ಥೆಯಾಗಿ ಸರ್ಟ್-ಇನ್ 2004ರಿಂದ ಕಾರ್ಯನಿರ್ವಹಿಸುತ್ತಿದೆ. ಅದರ ಅಧೀನದಲ್ಲಿ 2017ರ ಫೆಬ್ರವರಿ 21ರಂದು ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಲಾಯಿತು. ಸೋಂಕಿತ ಯಂತ್ರಗಳನ್ನು ಶುದ್ಧಗೊಳಿಸುವ ಸಾಧನಗಳನ್ನು ಈ ಕೇಂದ್ರದ ಜಾಲತಾಣದಿಂದ ಉಚಿತವಾಗಿ ಪಡೆಯಬಹುದು. ಸುಳ್ಳು ಎಚ್ಚರಿಕೆಗೆ ಮರುಳಾಗಿ ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಎಷ್ಟು ಬೇಗ ತಿಳಿಸಿದರೆ ಹಣವನ್ನು ಮಾರ್ಗಮಧ್ಯದಲ್ಲಿಯೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಯಂತ್ರವು ಸೋಂಕಿಗೆ ಒಳಗಾಗಿದೆಯೆಂಬ ಸಂಶಯವಿದ್ದರೆ ಮೊದಲು ಅದರ ಜಾಲ ಸಂಪರ್ಕವನ್ನು ಕಡಿದು, ಅನಂತರ ತಜ್ಞರನ್ನು ಕರೆಯಬೇಕು. ಇದರಿಂದ ನೆರೆಯ ಯಂತ್ರಗಳಾದರೂ ಉಳಿಯುತ್ತವೆ.

ರೈಲು ಹಳಿಯನ್ನು ದಾಟುವ ಕಡೆ ಗಂಟೆ ಬಾರಿಸುವುದು ಸುತ್ತಲಿನ ಮನೆಗಳವರಿಗೆ ಕಿರಿಕಿರಿಯೇ. ಆ ಕಾರಣದಿಂದ ಗಂಟೆಯನ್ನು ಕಿತ್ತುಹಾಕಬೇಕೆಂದು ಯಾರೂ ಕೇಳುವುದಿಲ್ಲ. ಗಣಕಯಂತ್ರದ ಎಚ್ಚರಿಕೆಯ ವಿಷಯದಲ್ಲಿಯೂ ಇದೇ ವಿವೇಕ ನಮಗಿರಬೇಕು. ಇಂದು ಮನೆಗೆ ಅಥವಾ ಕಚೇರಿಗೆ ಹೋದೊಡನೆ ಗುರುತುಪಟ್ಟಿಯ ದಿನಾಂಕವನ್ನೊಮ್ಮೆ ನೋಡಿರಿ. ಅದು ಇಂದಿನದೋ ನಿನ್ನೆಯದೋ ಆಗಿದ್ದರೆ ಸೂಚನೆಗಳ ಸದ್ದನ್ನು ನಿಶ್ಚಿಂತೆಯಿಂದ ತಗ್ಗಿಸಬಹುದು. ಅದಕ್ಕಿಂತ ಹಳೆಯದಾಗಿದ್ದರೆ, ಮೊದಲು ಆಗಬೇಕಾದ ಕೆಲಸ ಪರಿಷ್ಕರಣೆ.